ಡೇಟ್ ಮುಂದೆ ಹಾಕುವ ಮಾತ್ರೆ, ಮುಟ್ಟೇ ಬರದ ಮಾತ್ರೆ: ಕೌಂಟರ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡುವ ಫಾರ್ಮಸಿಸ್ಟ್. ಹದಿನಾಲ್ಕು ವರ್ಷ ಆಯಿತು. ಶ್ರಾವಣ ಬಂತೆಂದರೆ ಒಂದು ದೃಶ್ಯ ಖಾಯಂ. ಒಬ್ಬರು ಬರುತ್ತಾರೆ, ಅಂಗಡಿಯಲ್ಲಿ ಗಂಡಸರಿದ್ದರೆ ಪಕ್ಕಕ್ಕೆ ಸರಿದು ಕೊಬ್ಬರಿ ಎಣ್ಣೆ ಬಾಟಲಿಯ ಮೇಲಿನ ಬೆಲೆ ಓದುತ್ತಾ ನಿಲ್ಲುತ್ತಾರೆ, ಅವರೆಲ್ಲ ಹೋದ ಮೇಲೆ ಕೌಂಟರ್ ಮೇಲೆ ಬಗ್ಗಿ "ಅಕ್ಕಾ, ಅದೂ... ಡೇಟ್ ಮಾತ್ರೆ" ಅನ್ನುತ್ತಾರೆ. ಯಾವ ಡೇಟ್ ಮಾತ್ರೆ? ಅಲ್ಲೇ ಇರುವುದು ತೊಡಕು. ಕೌಂಟರ್‌ನಲ್ಲಿ, ಮೆಸೇಜ್‌ನಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ ಕೂಡ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಕೇಳಿದ ಹಾಗೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮೈಗೆ ಯಾವುದು ಸರಿ ಅನ್ನುವುದನ್ನು ನಿಮ್ಮನ್ನು ಪರೀಕ್ಷೆ ಮಾಡಿದವರೇ ಹೇಳಬೇಕು.

## ಮೊದಲು ಇಷ್ಟು ತಿಳಿದಿರಲಿ

"ಡೇಟ್ ಮುಂದೆ ಹೋಗೋ ಮಾತ್ರೆ, ಮಕ್ಕಳಾಗದ ಮಾತ್ರೆ, ಎರಡೂ ಒಂದೇನಾ?"

ಅಲ್ಲ. ಜನ ಎಡವುವುದೇ ಇಲ್ಲಿ.

ಗರ್ಭಕೋಶ ಪ್ರತಿ ತಿಂಗಳು ಒಂದು ಚಪ್ಪರ ಹಾಕುತ್ತದೆ ಅಂದುಕೊಳ್ಳಿ. ಮದುವೆ ನಡೆಯಲಿಲ್ಲ, ಅಂದರೆ ಗರ್ಭ ನಿಲ್ಲಲಿಲ್ಲ, ಚಪ್ಪರ ಬಿಚ್ಚುತ್ತದೆ. ಅದೇ ಮುಟ್ಟು. ಹಬ್ಬಕ್ಕೆ ಡೇಟ್ ಮುಂದೆ ಹಾಕಲು ಕೊಡುವುದು ನೊರೆಥಿಸ್ಟಿರೋನ್, 5 ಮಿಲಿಗ್ರಾಂನದು. ಪ್ರಿಮೊಲುಟ್-ಎನ್, ರೆಜೆಸ್ಟ್ರೋನ್ ಅಂದರೆ ನಿಮಗೆ ಗೊತ್ತಾಗಬಹುದು. ಅದು ಆಗಲೇ ಹಾಕಿದ ಚಪ್ಪರ ಬೀಳದ ಹಾಗೆ ಕಂಬ ಹಿಡಿದು ನಿಲ್ಲುತ್ತದೆ. ಕೈ ಬಿಟ್ಟ ಎರಡು ಮೂರು ದಿನಕ್ಕೆ ಬಿತ್ತು.

ಗರ್ಭನಿರೋಧಕ ಮಾತ್ರೆಯ ಕೆಲಸ ಬೇರೆ. ಅದರಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟಿನ್ ಅನ್ನುವ ಎರಡು ಹಾರ್ಮೋನ್ ಇರುತ್ತವೆ. ಅಂಡ ಬಿಡುಗಡೆ ಆಗುವುದನ್ನೇ ತಡೆಯುತ್ತದೆ, ಚಪ್ಪರವನ್ನೂ ದೊಡ್ಡದಾಗಿ ಹಾಕಲು ಬಿಡುವುದಿಲ್ಲ. ಹಬ್ಬದ ಮಾತ್ರೆ ತೆಗೆದುಕೊಂಡು "ಈ ವಾರ ಹೇಗೂ ಸೇಫ್" ಅಂದುಕೊಂಡವರು ಆಮೇಲೆ ಪ್ರೆಗ್ನೆನ್ಸಿ ಕಿಟ್ ಕೇಳಿಕೊಂಡು ಬಂದಿದ್ದನ್ನು ನೋಡಿದ್ದೇನೆ. ಹಬ್ಬಕ್ಕೆ ಕೊಡುವ ರೀತಿಯಲ್ಲಿ ತೆಗೆದುಕೊಂಡರೆ ಅದನ್ನು ಗರ್ಭ ತಡೆಯುವ ಮಾತ್ರೆ ಅಂತ ನಂಬಬೇಡಿ.

"ಮತ್ತೆ 72 ಗಂಟೆ ಮಾತ್ರೆ?"

ಅದು ಮೂರನೆಯದು. ರಕ್ಷಣೆ ಇಲ್ಲದೆ ದೈಹಿಕವಾಗಿ ಸೇರಿದ ಮೇಲೆ ಗರ್ಭ ನಿಲ್ಲದಿರಲಿ ಅಂತ, ತುರ್ತಿಗೆ ಮಾತ್ರ. ಡೇಟ್ ಮುಂದೆ ಹಾಕಲು ಅಲ್ಲ. ತೆಗೆದುಕೊಂಡ ಮೇಲೆ ಮುಟ್ಟು ಬೇಗನೂ ಬರಬಹುದು, ತಡವಾಗಿಯೂ ಬರಬಹುದು, ಅದರ ಮೇಲೆ ಯಾವ ಲೆಕ್ಕವೂ ಹಾಕುವ ಹಾಗಿಲ್ಲ.

"ಮುಟ್ಟೇ ಬರದಿದ್ರೆ ಕೆಟ್ಟ ರಕ್ತ ಎಲ್ಲಾ ಒಳಗೇ ನಿಂತು ಬಿಡಲ್ವಾ?"

ನನ್ನ ಅಜ್ಜಿಯೂ ಹೀಗೇ ಅನ್ನುತ್ತಿದ್ದರು. ಮೈಯಲ್ಲಿ ಒಳ್ಳೆ ರಕ್ತ, ಕೆಟ್ಟ ರಕ್ತ ಅಂತ ಎರಡು ಡಬ್ಬಿ ಇಲ್ಲ. ಮುಟ್ಟಿನಲ್ಲಿ ಹೋಗುವುದು ಗರ್ಭಕೋಶದ ಒಳಪದರ ಮತ್ತು ಮಾಮೂಲಿ ರಕ್ತ. ಗರ್ಭನಿರೋಧಕ ಮಾತ್ರೆಯಲ್ಲಿರುವಾಗ ಆ ಪದರ ತೆಳ್ಳಗೇ ಉಳಿಯುತ್ತದೆ. ಹಾಕದ ಚಪ್ಪರವನ್ನು ಬಿಚ್ಚುವುದೇನು? ಒಳಗೆ ಶೇಖರವಾಗುವಂಥದ್ದು ಏನೂ ಇಲ್ಲ. ಬಸುರಿಯರಿಗೆ ಒಂಬತ್ತು ತಿಂಗಳು ಮುಟ್ಟು ಇರುವುದಿಲ್ಲ, ಎದೆಹಾಲು ಕುಡಿಸುವಾಗ ಇನ್ನೂ ಕೆಲವು ತಿಂಗಳು ಇರುವುದಿಲ್ಲ, ಆಗ ಯಾರೂ ಕೆಟ್ಟ ರಕ್ತದ ಮಾತೆತ್ತುವುದಿಲ್ಲ, ಅಲ್ವಾ?

ಮಾತ್ರೆ ಇಲ್ಲದೆ ಮುಟ್ಟು ನಿಂತರೆ ಮಾತು ಬೇರೆ. ಅದಕ್ಕೆ ಕೆಳಗೆ ಉತ್ತರ ಇದೆ.

"ಮಾಲಾ ಪಟ್ಟಿಯಲ್ಲಿ ಕೊನೇ ಏಳು ಮಾತ್ರೆ ಬೇರೆ ಬಣ್ಣ ಇದಾವಲ್ಲ, ಅವು ಯಾಕೆ?"

ಮಾಲಾ-ಡಿ, ಮಾಲಾ-ಎನ್ ಅನ್ನುವ ಗರ್ಭನಿರೋಧಕ ಮಾತ್ರೆ ಪಟ್ಟಿ ಎರಡರಲ್ಲೂ 28 ಮಾತ್ರೆ. ಮೊದಲ 21ರಲ್ಲಿ ಹಾರ್ಮೋನ್ ಇದೆ: ಲಿವೊನೊರ್ಜೆಸ್ಟ್ರೆಲ್ 0.15 ಮಿಲಿಗ್ರಾಂ, ಎಥಿನೈಲ್ ಎಸ್ಟ್ರಡಯಾಲ್ 0.03 ಮಿಲಿಗ್ರಾಂ. ಕೊನೆಯ 7ರಲ್ಲಿ ಹಾರ್ಮೋನ್ ಇಲ್ಲ, ಬರೀ ಕಬ್ಬಿಣಾಂಶ. ದಿನಾ ನುಂಗುವ ಅಭ್ಯಾಸ ತಪ್ಪದಿರಲಿ, ರಕ್ತಹೀನತೆಗೂ ಸ್ವಲ್ಪ ಆಗಲಿ ಅಂತ ಸೇರಿಸಿದ್ದು. ಆ ಏಳು ದಿನ ಹಾರ್ಮೋನ್ ಸಿಗದೆ ರಕ್ತ ಬರುತ್ತದೆ. ನೋಡಲು ಮುಟ್ಟಿನ ಹಾಗೇ ಇದ್ದರೂ ಅದು ನಿಜವಾದ ಮುಟ್ಟಲ್ಲ, ಹಾರ್ಮೋನ್ ನಿಲ್ಲಿಸಿದ್ದಕ್ಕೆ ಬಂದ ರಕ್ತ. ಮಾಲಾ-ಎನ್ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ, ಆಶಾ ಕಾರ್ಯಕರ್ತೆಯರ ಹತ್ತಿರವೂ ಇರುತ್ತದೆ.

"ನಿಜವಾದ ಮುಟ್ಟೇ ಅಲ್ಲ ಅಂದ್ಮೇಲೆ ಆ ಏಳು ದಿನದ ಬಿಡುವು ಯಾಕೆ ಇಟ್ರು?"

ನನಗೆ ತುಂಬಾ ಇಷ್ಟದ ಪ್ರಶ್ನೆ ಇದು. 1950ರ ದಶಕದಲ್ಲಿ ಅಮೆರಿಕದ ಜಾನ್ ರಾಕ್ ಅನ್ನುವ ಡಾಕ್ಟರು ಮಕ್ಕಳಾಗದ ಹೆಂಗಸರಿಗೆ ಈ ಹಾರ್ಮೋನುಗಳನ್ನು ತಿಂಗಳುಗಟ್ಟಲೆ ಬಿಡದೆ ಕೊಟ್ಟರು. ಮುಟ್ಟು ನಿಂತಿತು. ಪಾಪ, ಅವರಲ್ಲಿ ಅನೇಕರು ಬಸುರಾದೆವು ಅಂತಲೇ ನಂಬಿ ಆಸೆ ಪಟ್ಟು, ಅಲ್ಲ ಅಂತ ಗೊತ್ತಾದಾಗ ಕುಸಿದರು. ಆಗ ರಾಕ್ ಅವರ ಜೊತೆಗಾರ ವಿಜ್ಞಾನಿ ಗ್ರೆಗರಿ ಪಿಂಕಸ್, ನಡುವೆ ಕೆಲವು ದಿನ ನಿಲ್ಲಿಸೋಣ, ರಕ್ತ ಬರಲಿ ಅಂದರು. 1960ರಲ್ಲಿ ಅಮೆರಿಕದಲ್ಲಿ ಮೊದಲ ಮಾತ್ರೆ ಎನೊವಿಡ್‌ಗೆ ಗರ್ಭನಿರೋಧಕ ಅಂತ ಒಪ್ಪಿಗೆ ಸಿಕ್ಕಿದಾಗಲೂ ಬಿಡುವು ಉಳಿದುಕೊಂಡಿತು. ತಿಂಗಳಿಗೊಮ್ಮೆ ರಕ್ತ ಕಂಡರೆ ಹೆಂಗಸರಿಗೂ ಸಮಾಧಾನ, ಸಹಜವಾಗಿಯೂ ಕಾಣುತ್ತದೆ ಅನ್ನುವ ಲೆಕ್ಕ. ಆರೋಗ್ಯಕ್ಕೆ ಬೇಕೇ ಬೇಕು ಅಂತ ಇಟ್ಟದ್ದಲ್ಲ. 2019ರಲ್ಲಿ ಬ್ರಿಟನ್ನಿನ ತಜ್ಞರ ಸಂಸ್ಥೆಯೂ ಈ ಬಿಡುವಿನಿಂದ ಆರೋಗ್ಯಕ್ಕೆ ಲಾಭವಿಲ್ಲ ಅಂತ ತನ್ನ ಮಾರ್ಗಸೂಚಿಯಲ್ಲೇ ಬರೆಯಿತು.

## ಹಬ್ಬ, ಮದುವೆ, ಪರೀಕ್ಷೆ

"ಶುಕ್ರವಾರ ವರಮಹಾಲಕ್ಷ್ಮಿ, ನಂದು ಗುರುವಾರ ಡೇಟು. ಇವತ್ತು ತಗೊಂಡ್ರೆ ಆಗುತ್ತಾ?"

ಇದನ್ನು ಕೇಳುವುದು ಯಾವಾಗಲೂ ಬುಧವಾರ ಸಂಜೆ! ಡಾಕ್ಟರುಗಳು ಸಾಮಾನ್ಯವಾಗಿ ಬರೆಯುವುದು ಡೇಟ್‌ಗೆ ಮೂರು ದಿನ ಮುಂಚಿನಿಂದ, ದಿನಕ್ಕೆ ಮೂರು ಮಾತ್ರೆ. ಹಿಂದಿನ ದಿನ ಶುರು ಮಾಡಿದರೆ ಆಗಬಹುದು, ಆಗದೆಯೂ ಇರಬಹುದು. ರಕ್ತ ಕಾಣಿಸಿಕೊಂಡ ಮೇಲಂತೂ ಅದನ್ನು ನಂಬಿ ಕೂರಬೇಡಿ. ಮುಟ್ಟು ಹಿಂದೆಮುಂದೆ ಆಗುವವರಿಗೆ ಲೆಕ್ಕ ಇನ್ನೂ ಕಷ್ಟ. ಈ ಮಾತ್ರೆಗೆ ಡಾಕ್ಟರ್ ಚೀಟಿ ಬೇಕು. ಚೀಟಿ ಕೇಳಿದರೆ ಮುಖ ಸಿಂಡರಿಸಿಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಏನೂ ಕೇಳದೆ ಕೊಟ್ಟವಳೇ. ಒಮ್ಮೆ ಒಬ್ಬರು ನಾಲ್ಕು ದಿನ ಬಿಟ್ಟು ಬಂದು "ಕಾಲು ಒಂದೇ ಊದಿದೆ ನೋಡಮ್ಮಾ" ಅಂದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಅಂತ ಹೆದರಿ ಅವರನ್ನು ಆಸ್ಪತ್ರೆಗೆ ಕಳಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ಅದೃಷ್ಟಕ್ಕೆ ಏನೂ ಆಗಿರಲಿಲ್ಲ, ಎಲ್ಲೋ ಉಳುಕಿತ್ತಂತೆ. ಆದರೆ ಅವತ್ತಿನಿಂದ ಕೇಳದೆ ಕೊಡುವುದಿಲ್ಲ.

"ಬರೀ ಐದು ದಿನ ತಾನೇ, ಅದಕ್ಕೂ ಅಡ್ಡಪರಿಣಾಮ ಇರುತ್ತಾ?"

ತಲೆನೋವು, ಹೊಟ್ಟೆ ಉಬ್ಬರ, ಸ್ತನ ಬಿಗಿತ, ವಾಕರಿಕೆ ಸಾಮಾನ್ಯ. ಆಮೇಲೆ ಬರುವ ಮುಟ್ಟು ಕೆಲವರಿಗೆ ಜಾಸ್ತಿ ಹೋಗುತ್ತದೆ. ಇದು ಪ್ರೊಜೆಸ್ಟಿನ್ ಮಾತ್ರೆ, ಈಸ್ಟ್ರೋಜೆನ್ ಇಲ್ಲ, ಹಾಗಾಗಿ ರಕ್ತ ಹೆಪ್ಪುಗಟ್ಟುವ ಭಯ ಇಲ್ಲ ಅಂತ ಕೆಲವರು ಧೈರ್ಯ ಹೇಳುತ್ತಾರೆ. ಪೂರ್ತಿ ನಿಜವಲ್ಲ. ನೊರೆಥಿಸ್ಟಿರೋನ್‌ನ ಸ್ವಲ್ಪ ಭಾಗ ಮೈಯೊಳಗೆ ಈಸ್ಟ್ರೋಜೆನ್ ಆಗಿಯೇ ಬದಲಾಗುತ್ತದೆ, ದಿನಕ್ಕೆ ಮೂರು ಮಾತ್ರೆಯ ಪ್ರಮಾಣದಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಕಾಲಿನ ರಕ್ತನಾಳದಲ್ಲಿ ಅಥವಾ ಶ್ವಾಸಕೋಶದಲ್ಲಿ ಹಿಂದೆ ಹೆಪ್ಪುಗಟ್ಟಿದ್ದವರು ಇದನ್ನು ಮುಟ್ಟಬಾರದು.

"ಗೃಹಪ್ರವೇಶಕ್ಕೆ ಒಂದ್ಸಲ, ಗೌರಿಗೆ ಒಂದ್ಸಲ, ದಸರಾಗೆ ಒಂದ್ಸಲ... ಅತ್ತೆ ತಗೋ ಅಂತಾರೆ. ಎಷ್ಟು ಸಲ ತಗೋಬಹುದು?"

ವರ್ಷಕ್ಕೆ ಇಷ್ಟೇ ಅಂತ ಒಂದು ಸಂಖ್ಯೆ ಹೇಳಿ ಕಳಿಸುವುದು ಸುಲಭ, ಆದರೆ ಅದು ನಿಮ್ಮ ಬಿಪಿ, ತೂಕ, ವಯಸ್ಸು ನೋಡಿ ಹೇಳುವ ಮಾತು. ದೇವರ ಮುಂದೆ ಯಾವಾಗ ನಿಲ್ಲಬೇಕು ಅನ್ನುವುದು ನಿಮ್ಮ ನಿಮ್ಮ ಮನೆಯ ನಂಬಿಕೆ, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಮಾತ್ರೆ ನುಂಗುವುದು ಅತ್ತೆಯಲ್ಲ, ನೀವು. ಇಷ್ಟು ಮಾತ್ರ ಹೇಳುತ್ತೇನೆ. ಎರಡು ಮೂರು ತಿಂಗಳಿಗೊಮ್ಮೆ ಬೇಕೇ ಬೇಕು ಅನ್ನುವ ಹಾಗಿದ್ದರೆ, ಹೀಗೆ ಎಳೆದಾಡುವುದಕ್ಕಿಂತ ಗರ್ಭನಿರೋಧಕ ಮಾತ್ರೆಯನ್ನೇ ಕ್ರಮವಾಗಿ ತೆಗೆದುಕೊಳ್ಳುವುದು ನಿಮಗೆ ಹೊಂದುತ್ತದಾ ಅಂತ ಡಾಕ್ಟರನ್ನು ಕೇಳಿ.

## ತಿಂಗಳುಗಟ್ಟಲೆ ಮುಟ್ಟು ಬೇಡ ಅನ್ನುವವರಿಗೆ

"ಮೂರು ತಿಂಗಳಿಗೊಂದೇ ಸಲ ಮುಟ್ಟಾಗೋ ಹಾಗೆ ನಿಜವಾಗ್ಲೂ ಮಾಡಬಹುದಾ?"

ಮಾಡಬಹುದು. ಅಮೆರಿಕದಲ್ಲಿ ಇದಕ್ಕೆಂದೇ ಪ್ಯಾಕ್ ಬಂದು ಕಾಲ ಆಯಿತು. 2003ರಲ್ಲಿ ಸೀಸನೇಲ್‌ಗೆ ಒಪ್ಪಿಗೆ ಸಿಕ್ಕಿತು: 84 ದಿನ ಹಾರ್ಮೋನ್, 7 ದಿನ ಖಾಲಿ ಮಾತ್ರೆ, ವರ್ಷಕ್ಕೆ ನಾಲ್ಕೇ ಸಲ ರಕ್ತ. 2007ರಲ್ಲಿ ಲಿಬ್ರೆಲ್ ಬಂತು, ಅದರಲ್ಲಿ ಬಿಡುವೇ ಇಲ್ಲ, ವರ್ಷಪೂರ್ತಿ ದಿನಾ ಒಂದು.

ನನ್ನ ಕಪಾಟಿಗೆ ಅಂಥ ಪ್ಯಾಕ್ ಯಾವತ್ತೂ ಬಂದಿಲ್ಲ. ಇಲ್ಲಿ ಡಾಕ್ಟರುಗಳು ಮಾಮೂಲಿ ಪಟ್ಟಿಯಲ್ಲೇ ಹೊಂದಿಸುತ್ತಾರೆ. ಒಂದು ಪಟ್ಟಿಯ 21 ಹಾರ್ಮೋನ್ ಮಾತ್ರೆ ಮುಗಿದ ಮರುದಿನವೇ ಮುಂದಿನ ಪಟ್ಟಿ. ಹೀಗೆ ನಾಲ್ಕು ಪಟ್ಟಿ. 21ರ ಮಗ್ಗಿ ಹೇಳಿ ನೋಡಿ, ನಾಲ್ಕಕ್ಕೆ 84. ಆಮೇಲೆ ಒಂದು ಬಿಡುವು. ಎಲ್ಲ ಹಾರ್ಮೋನ್ ಮಾತ್ರೆಗಳಲ್ಲೂ ಪ್ರಮಾಣ ಒಂದೇ ಇರುವ ಪಟ್ಟಿ ಆಗಬೇಕು. ಮಾಲಾ, ಓವ್ರಲ್-ಎಲ್, ನೊವೆಲಾನ್ ಎಲ್ಲ ಇದೇ ಜಾತಿ. ಮಾಲಾದಲ್ಲಿ ಗಮನ ಇರಲಿ: ಮೊದಲ ಮೂರು ಪಟ್ಟಿಯ ಕಂದು ಮಾತ್ರೆ ಬಿಟ್ಟು ಮುಂದಿನದಕ್ಕೆ ಹೋಗಬೇಕು. ಒಬ್ಬರು "ಕಾಸು ಕೊಟ್ಟಿದೀನಲ್ಲ" ಅಂತ ಕಂದು ಮಾತ್ರೆಯನ್ನೂ ಬಿಡದೆ ನುಂಗಿ, ಮುಟ್ಟು ಯಾಕೆ ಬಂತು ಅಂತ ನನ್ನ ಮೇಲೆ ರೇಗಿದ್ದರು.

ಯಾರಿಗೆ ಇದು ಹೆಚ್ಚು ಉಪಯೋಗ? ಮುಟ್ಟಿನ ನೋವಿಗೆ ಕೆಲಸಕ್ಕೇ ಹೋಗಲಾಗದವರು, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೂ ಬೆಳೆಯುವ ಕಾಯಿಲೆ) ಇರುವವರು, ವಿಪರೀತ ಹೋಗಿ ರಕ್ತಹೀನತೆ ಆದವರು, ಬಿಡುವಿನ ವಾರದಲ್ಲೇ ತಲೆನೋವು ಬರುವವರು. ಕಾಯಿಲೆ ಏನೂ ಇಲ್ಲ, ಸುಮ್ನೆ ಬೇಡ ಅನಿಸಿದೆ ಅಂದರೂ ಅದೂ ಕಾರಣವೇ.

"ನಿಲ್ಲಲಿ ಅಂತ ತಗೊಂಡೆ, ಈಗ ದಿನಾ ಕಲೆ ಆಗ್ತಿದೆ! ಮೋಸ ಅಲ್ವಾ ಇದು?"

ಮೋಸ ಅಲ್ಲ, ಯಾರೂ ಮುಂಚೆ ಹೇಳದೇ ಇದ್ದದ್ದು ತಪ್ಪು. ಬಿಡದೆ ತೆಗೆದುಕೊಳ್ಳುವಾಗ ಮೊದಲ ಮೂರು ತಿಂಗಳಿಂದ ಆರು ತಿಂಗಳವರೆಗೆ ನಡುನಡುವೆ ಸ್ಪಾಟಿಂಗ್ ಆಗುವುದು ತೀರಾ ಮಾಮೂಲು. ತಿಂಗಳಿಗೆ ಐದು ದಿನ ಅಂತ ಗೊತ್ತಿದ್ದ ರಕ್ತ ಯಾವಾಗ ಬರುತ್ತದೋ ಗೊತ್ತಾಗದ ರಕ್ತವಾಗುತ್ತದೆ, ಪ್ರಮಾಣ ಕಮ್ಮಿ ಇದ್ದರೂ ಕಿರಿಕಿರಿ ಜಾಸ್ತಿ. ತಿಂಗಳು ಕಳೆದ ಹಾಗೆ ಕಮ್ಮಿಯಾಗುತ್ತದೆ. ಲಿಬ್ರೆಲ್‌ನಲ್ಲೂ ವರ್ಷ ಕಳೆದ ಮೇಲೆ ರಕ್ತ ಪೂರ್ತಿ ನಿಂತದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೆಂಗಸರಿಗೆ, ಎಲ್ಲರಿಗೂ ಅಲ್ಲ. ಮಾತ್ರೆ ತಪ್ಪಿಸಿದರೆ, ಹೊತ್ತಲ್ಲದ ಹೊತ್ತಿಗೆ ತೆಗೆದುಕೊಂಡರೆ ಕಲೆ ಹೆಚ್ಚು. ಕನಿಷ್ಠ 21 ದಿನ ಸರಿಯಾಗಿ ತೆಗೆದುಕೊಂಡ ಮೇಲೂ ಕಲೆ ನಿಲ್ಲದಿದ್ದರೆ ಮೂರು ನಾಲ್ಕು ದಿನ ಬಿಟ್ಟು ಮತ್ತೆ ಶುರು ಮಾಡಿ ಅಂತ ಡಾಕ್ಟರುಗಳು ಹೇಳುವುದುಂಟು. ಆರು ತಿಂಗಳಾದರೂ ಹಾಗೇ ಇದ್ದರೆ, ಅಥವಾ ದೈಹಿಕವಾಗಿ ಸೇರಿದ ಮೇಲೆ ರಕ್ತ ಬರುತ್ತಿದ್ದರೆ ತೋರಿಸಿಕೊಳ್ಳಿ.

"ಮುಟ್ಟೇ ಇಲ್ಲ ಅಂದ್ರೆ ಬಸುರಾಗಿದೀನೋ ಇಲ್ವೋ ಗೊತ್ತಾಗೋದು ಹೇಗೆ?"

ಮಾತ್ರೆ ತಪ್ಪಿಸದಿದ್ದರೆ ಸಂಭವ ತೀರಾ ಕಮ್ಮಿ. ಒಂದು ಮರೆತರೆ ನೆನಪಾದ ಕೂಡಲೇ ನುಂಗಿ, ಅವತ್ತಿನದನ್ನೂ ಅದರ ಹೊತ್ತಿಗೇ ನುಂಗಿ. ಎರಡು ಅಥವಾ ಹೆಚ್ಚು ತಪ್ಪಿದರೆ ಮುಂದಿನ ಏಳು ದಿನ ನಿರೋಧ್ ಬೇಕೇ ಬೇಕು. ನುಂಗಿದ ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು. ಅನುಮಾನ ಕಾಡಿದರೆ ಬೆಳಗಿನ ಮೂತ್ರದಲ್ಲಿ ಕಿಟ್ ಹಾಕಿ ನೋಡಿ. ಈ ಮಾತ್ರೆಯಿಂದ ಕಿಟ್‌ನ ಫಲಿತಾಂಶ ಬದಲಾಗುವುದಿಲ್ಲ.

"ಈಗ ನಿಲ್ಲಿಸಿಕೊಂಡ್ರೆ ಮುಂದೆ ಮಕ್ಕಳೇ ಆಗಲ್ವಂತೆ?"

ಮಾತ್ರೆ ಬಿಟ್ಟ ಮೇಲೆ ಬಹುತೇಕ ಎಲ್ಲರಿಗೂ ಮೂರು ತಿಂಗಳೊಳಗೆ ಮುಟ್ಟು ಮರಳುತ್ತದೆ. ಕೆಲವರು ಮುಟ್ಟು ಬರುವ ಮುಂಚೆಯೇ ಬಸುರಾಗಿರುತ್ತಾರೆ. ಮೊದಲಿಂದಲೂ ಮುಟ್ಟು ಸರಿ ಇರದಿದ್ದವರಿಗೆ ಬಿಟ್ಟ ಮೇಲೂ ಸರಿ ಇರುವುದಿಲ್ಲ, ಆಗ ಬೈಗುಳ ಮಾತ್ರೆಗೆ ಬೀಳುತ್ತದೆ.

"ದಪ್ಪ ಆಗ್ತೀನಾ? ಕ್ಯಾನ್ಸರ್ ಬರುತ್ತಾ?"

ತೂಕ: ಶುರುವಿನಲ್ಲಿ ಮೈ ಸ್ವಲ್ಪ ನೀರು ಹಿಡಿದು ಉಬ್ಬಿದ ಹಾಗೆ ಅನಿಸಬಹುದು. ಮಾತ್ರೆಯಿಂದಲೇ ಬಹಳ ದಪ್ಪ ಆಗುತ್ತಾರೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಕ್ಯಾನ್ಸರ್‌ಗೆ ಎರಡು ಮುಖ ಇದೆ. ಅಂಡಾಶಯ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಾಧ್ಯತೆ ಕಮ್ಮಿ ಮಾಡುತ್ತದೆ, ಆ ರಕ್ಷಣೆ ಮಾತ್ರೆ ಬಿಟ್ಟ ಮೇಲೂ ವರ್ಷಗಟ್ಟಲೆ ಉಳಿಯುತ್ತದೆ. ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ಸಾಧ್ಯತೆ ತೆಗೆದುಕೊಳ್ಳುವ ಕಾಲದಲ್ಲಿ ಸ್ವಲ್ಪ ಹೆಚ್ಚುತ್ತದೆ, ಬಿಟ್ಟ ಮೇಲೆ ಬರಬರುತ್ತಾ ಇಳಿಯುತ್ತದೆ.

## ಇಲ್ಲಿ ಸ್ವಲ್ಪ ಗಮನ ಕೊಟ್ಟು ಓದಿ

"ಯಾರು ತಗೋಲೇಬಾರದು?"

ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆಯ ಮಾತು ಇದು. 35 ದಾಟಿ ಸಿಗರೇಟ್ ಸೇದುವವರು. ಬಿಪಿ ಹೆಚ್ಚಿರುವವರು. ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು, ಹೃದಯದ ಕಾಯಿಲೆ, ಲಿವರ್ ಕಾಯಿಲೆ, ಸ್ತನ ಕ್ಯಾನ್ಸರ್ ಆದವರು. ಎದೆಹಾಲು ಕುಡಿಸುವವರಿಗೆ ಮೊದಲ ಆರು ತಿಂಗಳು ಈ ಜೋಡಿ ಹಾರ್ಮೋನ್ ಮಾತ್ರೆ ಬೇಡ. ಇನ್ನೊಂದನ್ನು ಯಾರೂ ಕೇಳುವುದಿಲ್ಲ, ನಾನು ತಪ್ಪದೆ ಕೇಳುತ್ತೇನೆ: ತಲೆನೋವು ಬರುವ ಮುಂಚೆ ಕಣ್ಣ ಮುಂದೆ ಅಂಕುಡೊಂಕು ಗೆರೆ, ಮಿಂಚು ಕಾಣುತ್ತದಾ? ಅಂಥ ಮೈಗ್ರೇನ್ ಇರುವವರಿಗೆ ಈಸ್ಟ್ರೋಜೆನ್ ಇರುವ ಮಾತ್ರೆಯಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚು.

ಹೆಪ್ಪುಗಟ್ಟುವ ಅಪಾಯ ಎಷ್ಟು ಅಂದರೆ, ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಮಂದಿಗೆ, ತೆಗೆದುಕೊಳ್ಳುವವರಲ್ಲಿ 3ರಿಂದ 9 ಮಂದಿಗೆ, ಬಸುರಿಯರಲ್ಲಿ 5ರಿಂದ 20 ಮಂದಿಗೆ. ಅಪಾಯ ಚಿಕ್ಕದು, ಆದರೆ ಇದೆ. ಒಂದೇ ಕಾಲು ಊದಿ ನೋವು, ಎದೆನೋವು, ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟುವುದು, ಹಿಂದೆಂದೂ ಬಂದಿರದಂಥ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯಲ್ಲಿ ವಿಪರೀತ ನೋವು ಬಂದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಮೆಡಿಕಲ್ ಶಾಪ್‌ಗೆ ಬರಬೇಡಿ.

"ಬೇರೆ ಮಾತ್ರೆ ತಗೊಳ್ತಿದೀನಿ, ತೊಂದರೆ ಇಲ್ವಾ?"

ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ಇವು ಗರ್ಭನಿರೋಧಕ ಮಾತ್ರೆಯ ಬಲವನ್ನೇ ಕುಗ್ಗಿಸುತ್ತವೆ. ಬೇರೆ ದಾರಿ ಬೇಕು. ಶೀತ ಜ್ವರಕ್ಕೆ ಕೊಡುವ ಮಾಮೂಲಿ ಆಂಟಿಬಯೋಟಿಕ್‌ನಿಂದ ಹಾಗಾಗುವುದಿಲ್ಲ.

"ಛಾಯಾ ತಗೊಂಡ್ರೂ, ಅಂತರಾ ಇಂಜೆಕ್ಷನ್ ಹಾಕಿಸಿಕೊಂಡ್ರೂ ಮುಟ್ಟು ನಿಲ್ಲುತ್ತಂತೆ. ಅದೇ ಸಾಕಲ್ವಾ?"

ಛಾಯಾ ನಮ್ಮದೇ ದೇಶದ ಗರ್ಭನಿರೋಧಕ ಮಾತ್ರೆ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು. 1991ರಲ್ಲಿ ಸಹೇಲಿ ಅನ್ನುವ ಹೆಸರಿನಲ್ಲಿ ಬಂತು, 2016ರಲ್ಲಿ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿತು. ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಕೆಲವರಿಗೆ ಮುಟ್ಟು ತಡವಾಗುತ್ತದೆ, ಆದರೆ ಅದು ಅಡ್ಡಪರಿಣಾಮ, ನೀವು ಬೇಕಾದ ಹಾಗೆ ಹೊಂದಿಸುವಂಥದ್ದಲ್ಲ. 15 ದಿನಕ್ಕಿಂತ ತಡವಾದರೆ ಕಿಟ್ ಹಾಕಿ ನೋಡಬೇಕು.

ಅಂತರಾ ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಗರ್ಭನಿರೋಧಕ ಇಂಜೆಕ್ಷನ್. ವರ್ಷ ಕಳೆಯುವಷ್ಟರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಮುಟ್ಟು ನಿಂತಿರುತ್ತದೆ. ಬೇಡ ಅನಿಸಿದರೆ ಮಾತ್ರೆಯ ಹಾಗೆ ನಾಳೆಯೇ ಬಿಡಲಾಗುವುದಿಲ್ಲ, ಮೈಗೆ ಹೋದದ್ದು ಹೋಯಿತು. ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು 7ರಿಂದ 10 ತಿಂಗಳು ಹಿಡಿಯಬಹುದು. ಮುಂದಿನ ವರ್ಷ ಮಗು ಬೇಕು ಅನ್ನುವವರು ಇದನ್ನು ಮೊದಲೇ ಯೋಚಿಸಿ.

"ನಂಗೆ ಪಿಸಿಓಡಿ, ಮಾತ್ರೆ ಇಲ್ಲದೇನೇ ನಾಲ್ಕು ತಿಂಗಳಿಂದ ಮುಟ್ಟಿಲ್ಲ. ಹಾಗಾದ್ರೆ ಒಳ್ಳೇದೇ ಆಯ್ತಲ್ಲ?"

ಇಲ್ಲ! ಮೇಲಿನ ಚಪ್ಪರದ ಮಾತು ಇಲ್ಲಿ ತಿರುಗುಮುರುಗು. ಮಾತ್ರೆ ತೆಗೆದುಕೊಳ್ಳುವಾಗ ಪದರ ಬೆಳೆಯುವುದಿಲ್ಲ, ಅದಕ್ಕೇ ಮುಟ್ಟಿಲ್ಲ. ಪಿಸಿಓಡಿ, ಅಂದರೆ ಅಂಡಾಶಯದ ಹಾರ್ಮೋನ್ ಏರುಪೇರಿನ ತೊಂದರೆ ಇದ್ದಾಗ, ಅಂಡ ಬಿಡುಗಡೆಯಾಗದೆ ಪದರ ಬೆಳೆಯುತ್ತಲೇ ಹೋಗುತ್ತದೆ, ಬಿಚ್ಚುವವರಿಲ್ಲ. ಹಾಗೇ ವರ್ಷಗಟ್ಟಲೆ ಬಿಟ್ಟರೆ ಮುಂದೆ ಒಳಪದರದ ಕ್ಯಾನ್ಸರ್‌ವರೆಗೂ ಹೋಗಬಹುದು. ಮೂರು ತಿಂಗಳು ದಾಟಿದರೆ ಡಾಕ್ಟರ್ ಹತ್ತಿರ ಹೋಗಿ. ಎಳ್ಳು ಬೆಲ್ಲ, ಪಪ್ಪಾಯಿ ತಿನ್ನುತ್ತಾ ಕಾಯಬೇಡಿ.

"ಮಕ್ಕಳಾಗಿದಾವೆ, ಗರ್ಭಕೋಶಾನೇ ತೆಗೆಸಿಬಿಟ್ರೆ ಒಂದೇ ಸಲಕ್ಕೆ ಕಾಟ ತಪ್ಪುತ್ತಲ್ಲ?"

ಮೂವತ್ತೈದರ ಹೆಂಗಸರು ಬಾಳೆಹಣ್ಣು ಕೊಂಡಷ್ಟು ಸಲೀಸಾಗಿ ಈ ಮಾತು ಆಡುವಾಗ ಎದೆ ಧಸಕ್ ಅನ್ನುತ್ತದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಕೂಲಿ ತಪ್ಪಬಾರದು ಅಂತ ಗರ್ಭಕೋಶ ತೆಗೆಸಿಕೊಂಡ ಸುದ್ದಿ 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಅದು ದೊಡ್ಡ ಆಪರೇಷನ್. ಜೊತೆಗೆ ಅಂಡಾಶಯವನ್ನೂ ತೆಗೆದರೆ ಅವತ್ತೇ ಮುಟ್ಟು ನಿಂತವರ ವಯಸ್ಸು ಬಂದ ಹಾಗೆ: ಮೈ ಬಿಸಿ, ಮೂಳೆ ಸವೆತ. ವಿಪರೀತ ಹೋಗುತ್ತಿದ್ದರೆ ಮೊದಲು ಯಾಕೆ ಅಂತ ಸ್ಕ್ಯಾನ್‌ನಲ್ಲಿ ನೋಡಿಸಿ. ಮಾತ್ರೆ ಇದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಮಿರೆನಾ ಇದೆ, ಅದನ್ನು ಇಟ್ಟರೆ ವರ್ಷಗಟ್ಟಲೆ ರಕ್ತ ಬಹಳ ಕಮ್ಮಿಯಾಗುತ್ತದೆ, ಕೆಲವರಿಗೆ ಪೂರ್ತಿ ನಿಲ್ಲುತ್ತದೆ. ಇವನ್ನೆಲ್ಲ ಕೇಳಿ, ಇನ್ನೊಬ್ಬ ಡಾಕ್ಟರ ಅಭಿಪ್ರಾಯವನ್ನೂ ತೆಗೆದುಕೊಂಡು ಆಮೇಲೆ ಆಪರೇಷನ್ ಮಾತು.

"ನಂಗೆ ಬರೋಕೆ ನಾಚಿಕೆ, ನಮ್ಮನೆಯವರನ್ನ ಕಳಿಸ್ತೀನಿ. ಏನಂತ ಕೇಳ್ಲಿ?"

ಕಳಿಸಿ, ಪರವಾಗಿಲ್ಲ. "ಡೇಟ್ ಮಾತ್ರೆ ಕೊಡಿ" ಅಂತ ಮಾತ್ರ ಹೇಳಿ ಕಳಿಸಬೇಡಿ. ಅವರು ಮೂರು ಜಾತಿಯ ಮಾತ್ರೆ ಮುಂದೆ ನಿಂತು ಬೆವರುತ್ತಾರೆ, ಮನೆಗೆ ಫೋನ್ ಮಾಡುತ್ತಾರೆ, ನೀವು ಎತ್ತುವುದಿಲ್ಲ, ಕೊನೆಗೆ ಕೈಗೆ ಸಿಕ್ಕಿದ್ದನ್ನು ಒಯ್ಯುತ್ತಾರೆ. ಡಾಕ್ಟರ್ ಚೀಟಿ ಕೊಟ್ಟು ಕಳಿಸಿ. ಮಾತ್ರೆ ಮುಂಚಿನಿಂದ ತೆಗೆದುಕೊಳ್ಳುತ್ತಿದ್ದರೆ ಖಾಲಿ ಪಟ್ಟಿಯನ್ನೂ ಜೊತೆಗೆ ಕೊಡಿ. ಪಟ್ಟಿ ಕತ್ತರಿಸುವಾಗ ಹೆಸರು, ಎಕ್ಸ್‌ಪೈರಿ ಇರುವ ಕಡೆ ಕತ್ತರಿಸಬೇಡಿ. ನಿಮ್ಮ ಬಿಪಿ ಕೊನೆಯ ಸಲ ಎಷ್ಟಿತ್ತು ಅಂತ ಚೀಟಿಯ ಹಿಂದೆ ಬರೆದರೆ ನಾನು ಅವರನ್ನು ನಿಲ್ಲಿಸಿಕೊಂಡು ನಾಲ್ಕು ಜನರ ಮುಂದೆ ಪ್ರಶ್ನೆ ಕೇಳುವುದೂ ತಪ್ಪುತ್ತದೆ.